ಅವನನ್ನು ಎಣಿಸಬೇಡ, ಓರ್ಲಾ!

"ರೀ, ಅದು ನನ್ನ ಜಾಗ!"

ಮಾರ್ಲಿಸ್ ಬಾಗಿದ್ದಲ್ಲಿಂದಲೇ ಕೂಗಿದಳು. ಅವಳ ಒಂದು ಕೈಯಲ್ಲಿ ಚುನಾವಣೆಗೆ ನಿಂತ ಹಲ್ಸೆಯ ಹೆಸರಿನ ನೀಲಿ ಫಲಕವಿತ್ತು. ಇನ್ನೊಂದು ಕೈಯಲ್ಲಿ ಕಾಲಿನಿಂದ ಬಿಚ್ಚಿದ ಬೂಟು! ಫಲಕದ ಕಡ್ಡಿಯನ್ನು ಬೂಟಿನ ಹಿಮ್ಮಡಿಯಿಂದ ಬಡಿದೂ ಬಡಿದೂ ಅವಳ ಮುಖ ಕೆಂಪಾಗಿತ್ತು. ಅಕ್ಟೋಬರ್‌ನ ನೆಲ ಆಗಲೇ ಕಲ್ಲಾಗಿತ್ತು.

ಎದುರಿಗಿದ್ದವನ ಕೈಯಲ್ಲಿ ಪ್ರತಿಸ್ಪರ್ಧಿ ಆಶ್ಬಿಯ ಹಳದಿ ಫಲಕ. ಜೊತೆಗೆ ಒಳ್ಳೆಯ ಮರದ ಸುತ್ತಿಗೆ.

"ಇಡೀ ಮೂಲೆ ಖಾಲಿ ಇದೆಯಲ್ರೀ... ಇಬ್ಬರಿಗೂ ಆಗುತ್ತೆ," ಎಂದ ಅವನು.

"ಆಶ್ಬಿ ಪಕ್ಕದಲ್ಲಿ ಹಲ್ಸೆ ನಿಲ್ಲಲ್ಲ!"

ಅವನು ಅವಳ ಬೂಟನ್ನು ನೋಡಿದ. ನೆನೆದ ಕಾಲುಚೀಲವನ್ನು ನೋಡಿದ. ಸುತ್ತಿಗೆಯನ್ನು ಮುಂದೆ ಚಾಚಿದ.

"ಏನು, ಶತ್ರುವಿಗೇ ಆಯುಧ ಕೊಡ್ತಿದ್ದೀರಾ?"

"ಕಾಲು ಹೆಪ್ಪುಗಟ್ಟಿದ ಶತ್ರು ಜೊತೆ ಜಗಳ ಆಡೋದ್ರಲ್ಲಿ ಏನು ಮಜಾ ಇದೆ, ಹೇಳಿ?"

ಮಾರ್ಲಿಸ್‌ಗೆ ನಗು ಬಂತು. ಅದನ್ನು ನುಂಗಿಕೊಂಡಳು. ಸುತ್ತಿಗೆಯ ಹಿಡಿ ಅವನ ಅಂಗೈಯಿಂದ ಬೆಚ್ಚಗಾಗಿತ್ತು... ಅದನ್ನು ಗಮನಿಸಿದ್ದಕ್ಕೆ ತನ್ನ ಮೇಲೆ ತನಗೇ ಸಿಟ್ಟು ಬಂತು.

ಅವನ ಹೆಸರು ವೆಂಡೆಲ್. ನದಿಯ ಪಕ್ಕದ ಧಾನ್ಯದ ಗೋದಾಮಿಗೆ ವ್ಯವಸ್ಥಾಪಕನಾಗಿ ಬಂದಿದ್ದ. ಸೋಯಾ ಕೊಂಡು, ಹಡಗು ಹತ್ತಿಸಿ, ಹೊರದೇಶಕ್ಕೆ ಕಳಿಸುವುದು ಅವನ ಕೆಲಸ. ಹೆಂಡತಿ ತೀರಿಕೊಂಡಿದ್ದಾಳೆ ಎಂದು ಊರು ಮಾತಾಡಿಕೊಂಡಿತ್ತು.

ಎಲ್ಮ್ ಫೋರ್ಕ್ ಅಯೋವಾದ ಸಣ್ಣ ಊರು. ಅಲ್ಲಿ ಯಾರ ಮನೆಯಲ್ಲಿ ಏನಿದೆ, ಏನಿಲ್ಲ ಎಂಬುದು ಎಲ್ಲರಿಗೂ ಗೊತ್ತು.

ಮಾರ್ಲಿಸ್‌ಳ ಮನೆಯಲ್ಲಿ ಏನಿಲ್ಲ ಎಂಬುದೂ ಗೊತ್ತಿತ್ತು. ಬಟ್ಟೆ ಒಗೆಯುವ ಯಂತ್ರದ ಫ್ಯಾಕ್ಟರಿ ಗಡಿಯಾಚೆ ಹೋದಾಗ ಗಂಡ ಕರ್ಟ್ ಕೆಲಸ ಹುಡುಕುತ್ತಾ ಟೆಕ್ಸಾಸ್‌ಗೆ ಹೋದ. ಕೆಲಸ ಸಿಕ್ಕಿತು. ಬೇರೊಬ್ಬಳೂ ಸಿಕ್ಕಳು. ಮತ್ತೆ ಫ್ಯಾಕ್ಟರಿ ತೆರೆಯುತ್ತದೆ ಎಂದು ಕೊನೆಯವರೆಗೂ ನಂಬಿದ್ದ ಅಪ್ಪನೂ ತೀರಿಹೋದ. ದಿನವೂ ಅವನು ಊಟದ ಡಬ್ಬಿ ತೊಳೆದಿಡುತ್ತಿದ್ದದ್ದು ಮಾತ್ರ ಊರಿಗೆ ಗೊತ್ತಿರಲಿಲ್ಲ.

ಅಡುಗೆಮನೆಯ ಮೇಜಿಗೆ ಈಗ ಒಂದೇ ಕುರ್ಚಿ. ಇನ್ನೊಂದನ್ನು ಅವಳೇ ನೆಲಮಾಳಿಗೆಗೆ ಹಾಕಿದ್ದಳು. ಖಾಲಿ ಕುರ್ಚಿ ಎದುರಿಗಿದ್ದರೆ ಊಟ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಮುಖ್ಯ ಬೀದಿಯಲ್ಲಿ ಅವಳದೊಂದು ಕ್ಷೌರದಂಗಡಿ. ದಿನವಿಡೀ ಊರಿನ ತಲೆಗಳನ್ನು ಮುಟ್ಟುವ ಕೈ ಅವಳದು. ಅವಳನ್ನು ಮುಟ್ಟುವವರು ಮಾತ್ರ ಯಾರೂ ಇರಲಿಲ್ಲ.

ಮುಂದಿನ ವಾರ ವೆಂಡೆಲ್ ಕ್ಷೌರಕ್ಕೆ ಬಂದ. ಅದರ ಮುಂದಿನ ವಾರವೂ ಬಂದ.

"ಇನ್ನು ಕತ್ತರಿಸೋಕೆ ಏನಿದೆ ನಿಮ್ಮ ತಲೇಲಿ?"

"ಕಿವಿ ಪಕ್ಕ ಸ್ವಲ್ಪ ಜಾಸ್ತಿ ಆಗಿದೆ ಅನ್ಸುತ್ತೆ... ಇರಲಿ, ನಿನ್ನೆ ಟೀವೀಲಿ ಅಭ್ಯರ್ಥಿಗಳ ಚರ್ಚೆ ನೋಡಿದ್ರಾ? ನಿಮ್ಮ ಹಲ್ಸೆ ಹೊರಗಿನ ಮಾಲಿಗೆಲ್ಲಾ ಸುಂಕ ಹಾಕ್ತಾನಂತೆ. ನಾವು ಹಾಕಿದ್ರೆ ಅವರು ಸುಮ್ಮನಿರ್ತಾರಾ? ನಮ್ಮ ಸೋಯಾ ಯಾರು ಕೊಳ್ತಾರೆ, ನೀವಾ?"

"ಸೋಯಾ ಅಂದ್ರೆ ಮಾತ್ರ ಅಯೋವಾನಾ? ಒಗೆಯೋ ಯಂತ್ರ ಮಾಡಿದವರು ಮನುಷ್ಯರಲ್ವಾ?"

"ಅದಕ್ಕೇ ಆಶ್ಬಿ ಹೊಸ ಕೆಲಸಕ್ಕೆ ತರಬೇತಿ ಕೊಡ್ತೀನಿ ಅಂತಿರೋದು."

"ತರಬೇತಿ!" ಮಾರ್ಲಿಸ್ ಕತ್ತರಿಯನ್ನು ಗಾಳಿಯಲ್ಲೇ ಕಚಕಚ ಅನ್ನಿಸಿದಳು. "ಐವತ್ತೆಂಟನೇ ವಯಸ್ಸಲ್ಲಿ ನಮ್ಮಪ್ಪನಿಗೂ ಕಂಪ್ಯೂಟರ್ ಕಲಿಸಿದ್ರು. ಸರ್ಟಿಫಿಕೇಟು ಗೋಡೆ ಮೇಲಿದೆ. ಕೆಲಸ ಎಲ್ಲಿದೆ? ತಲೆ ಅಲ್ಲಾಡಿಸ್ಬೇಡಿ, ಕಿವಿ ಹೋಗುತ್ತೆ!"

"ಕಿವಿ ಹೋದ್ರೂ ಪರವಾಗಿಲ್ಲ, ನೀವು ಹೇಳಿದ್ದು ತಪ್ಪು!"

ಹೀಗೇ ನಡೆಯಿತು. ಅವನು ಹೋದ ಮೇಲೆ ಅವಳು ನೆಲ ಗುಡಿಸುವಾಗ ಕಸದ ಮೊರಕ್ಕೆ ಬರುತ್ತಿದ್ದದ್ದು ಒಂದು ಚಿಟಿಕೆ ಕೂದಲು ಮಾತ್ರ. ಅಷ್ಟಕ್ಕೇ ಅವನು ಗಂಟೆಗಟ್ಟಲೆ ಕೂತಿರುತ್ತಿದ್ದ.

'ಇವನು ಬರೋದು ಜಗಳಕ್ಕೆ,' ಎಂದುಕೊಳ್ಳುತ್ತಿದ್ದಳು ಮಾರ್ಲಿಸ್. 'ಫೆಬ್ರವರಿಯಲ್ಲಿ ಪಕ್ಷದ ಅಭ್ಯರ್ಥಿಯನ್ನು ಆರಿಸೋ ಕಾಕಸ್ ಸಭೆ ಮುಗಿಯುತ್ತೆ. ಜಗಳ ಮುಗಿಯುತ್ತೆ. ಆಮೇಲೆ ಯಾಕೆ ಬರ್ತಾನೆ?'

ಊರಿನವರೆಲ್ಲ ಎಲೆಕ್ಷನ್ ಬೇಗ ಮುಗಿಯಲಿ ಎನ್ನುತ್ತಿದ್ದರು. ಅವಳೊಬ್ಬಳೇ ಮುಗಿಯದಿರಲಿ ಎಂದು ಬಯಸುತ್ತಿದ್ದಳು. ಯಾರಿಗೆ ಹೇಳಿಕೊಳ್ಳುವುದು ಇದನ್ನು?

ಸಭೆಗೆ ಹತ್ತು ದಿನವಿದ್ದಾಗ ಓರ್ಲಾಳ ಕಾಫಿ ಅಂಗಡಿಯಲ್ಲಿ ಮಾತು ಕೈಮೀರಿತು. ಅಂಗಡಿ ತುಂಬ ಜನ. ಯಾರೋ ಹಲ್ಸೆ ಗೆದ್ದರೆ ಫ್ಯಾಕ್ಟರಿ ವಾಪಸ್ ಬರುತ್ತದೆ ಎಂದರು. ಮಾರ್ಲಿಸ್ ಹೌದೆಂದಳು. ವೆಂಡೆಲ್ ಬರುವುದಿಲ್ಲವೆಂದ. ದನಿಗಳು ಏರಿದವು.

"ಬರುತ್ತೆ ಕಣ್ರೀ! ಬಂದೇ ಬರುತ್ತೆ!"

"ನಿಮ್ಮಪ್ಪ ಸಾಯೋವರೆಗೂ ಡಬ್ಬಿ ತೊಳೆದಿಟ್ಕೊಂಡು ಕಾದ್ರಲ್ಲ... ಬಂತಾ?"

ಚಮಚಗಳ ಸದ್ದು ನಿಂತಿತು.

ಆ ಡಬ್ಬಿಯ ಮಾತನ್ನು ಅವಳು ಅವನೊಬ್ಬನಿಗೇ ಹೇಳಿದ್ದಳು. ತನ್ನ ಅಂಗಡಿಯ ಕನ್ನಡಿಯ ಮುಂದೆ, ಮೆಲ್ಲಗೆ... ಅದನ್ನೇ ಎತ್ತಿ ಎಲ್ಲರ ಮುಂದೆ ಎಸೆದುಬಿಟ್ಟನಲ್ಲ!

ವೆಂಡೆಲ್‌ನ ಮುಖ ಬಿಳುಚಿತು. "ಮಾರ್ಲಿಸ್, ನಾನು..."

ಅವಳು ಕೋಟು ಎತ್ತಿಕೊಂಡು ಹೊರಟಿದ್ದಳು.

ಮರುದಿನ ಬೆಳಿಗ್ಗೆ ಅವನ ಟ್ರಕ್ಕು ಅಂಗಡಿಯ ಮುಂದೆ ನಿಂತಿತು. ಅದನ್ನು ಕಂಡೊಡನೆ ಅವಳು ಬಾಗಿಲಿನ ಫಲಕವನ್ನು 'ಮುಚ್ಚಿದೆ' ಎಂಬ ಕಡೆಗೆ ತಿರುಗಿಸಿ ಪರದೆಯ ಹಿಂದೆ ಸರಿದಳು. 'ತಟ್ಟು... ಒಂದು ಸಲ ತಟ್ಟು. ತೆಗೀತೀನಿ.'

ವೆಂಡೆಲ್ ಫಲಕ ಓದಿದ. ಟೋಪಿ ಸರಿಮಾಡಿಕೊಂಡ. ಮುಚ್ಚಿದೆ ಎಂದು ಬರೆದ ಬಾಗಿಲನ್ನು ತಟ್ಟುವುದು ಆ ಊರಿನ ಗಂಡಸರಿಗೆ ಗೊತ್ತಿಲ್ಲ. ಹೊರಟುಹೋದ.

ಮಾರನೆಯ ದಿನ ಬರಲಿಲ್ಲ. ಆಮೇಲೂ ಬರಲಿಲ್ಲ.

ಅವಳು ಬೇರೆಯವರ ತಲೆಗಳನ್ನು ಕತ್ತರಿಸಿದಳು. ರಾತ್ರಿ ಊಟಕ್ಕೆ ರೇಡಿಯೋ ಹಚ್ಚಿದಳು. ಅದರಲ್ಲಿ ಇಬ್ಬರು ಸುಂಕದ ಬಗ್ಗೆ ಜಗಳವಾಡುತ್ತಿದ್ದರು. "ಅದು ತಪ್ಪು!" ಎಂದಳು ಜೋರಾಗಿ, ಒಂಟಿ ಅಡುಗೆಮನೆಯಲ್ಲಿ. ಉತ್ತರ ಕೊಡುವವರು ಯಾರೂ ಇರಲಿಲ್ಲ. ರೇಡಿಯೋ ಆರಿಸಿದಳು.

ಅವನನ್ನು ಅವಳು ದ್ವೇಷಿಸುತ್ತಿದ್ದಳೇ? ಹಾಗೆ ಅಂದರೆ ಸುಳ್ಳಾದೀತು. ಅವನಿಲ್ಲದ ಮೌನವನ್ನು ದ್ವೇಷಿಸುತ್ತಿದ್ದಳು ಅಂದರೆ ಹೆಚ್ಚು ಸರಿ.

ಕಾಕಸ್ ಸಂಜೆ ಊರಿಗೆ ಊರೇ ಶಾಲೆಯೊಳಗಿನ ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ ಸೇರಿತು. ಒದ್ದೆ ಬೂಟುಗಳು, ಉಣ್ಣೆಯ ವಾಸನೆ, ಮನೆಯಿಂದ ತಂದ ಬಿಸ್ಕತ್ತುಗಳು. ಸಭೆ ನಡೆಸಲು ಕಾಫಿ ಅಂಗಡಿಯ ಓರ್ಲಾಳೇ ಕೈಗಂಟೆ ಹಿಡಿದು ನಿಂತಿದ್ದಳು.

"ಕೇಳ್ರಪ್ಪಾ, ಎಲ್ಲರಿಗೂ ಗೊತ್ತಿರೋದೇ. ಚೀಟಿ ಇಲ್ಲ, ಪೆಟ್ಟಿಗೆ ಇಲ್ಲ. ನಿಮ್ಮ ಅಭ್ಯರ್ಥಿ ಮೂಲೇಲಿ ಹೋಗಿ ನಿಂತ್ಕೊಳ್ಳಿ, ಅದೇ ವೋಟು. ತಲೆಗಳು ಸಾಕಷ್ಟಿಲ್ಲದ ಗುಂಪು ಕೊನೆಗೆ ಚದುರಿ ಬೇರೆ ಮೂಲೆ ಸೇರ್ಬೇಕು. ಅದಕ್ಕೆ ಮುಂಚೆ ಅರ್ಧ ಗಂಟೆ ಟೈಮು ಕೊಡ್ತೀನಿ, ಒಬ್ಬರನ್ನೊಬ್ಬರು ಒಲಿಸ್ಕೊಳ್ಳಿ, ಎಳೆದಾಡಿ, ಬಿಸ್ಕತ್ತು ತಿನ್ಸಿ. ಆಮೇಲೆ ಗಂಟೆ ಹೊಡೀತೀನಿ. ಹೊಡೆದಾಗ ಎಲ್ಲಿ ನಿಂತಿರ್ತೀರೋ ಅಲ್ಲೇ ನಿಮ್ಮ ಎಣಿಕೆ!"

ಹಲ್ಸೆಯ ಮೂಲೆ ಚೆಂಡು ಹಾಕುವ ಸೊಟ್ಟ ಬುಟ್ಟಿಯ ಕೆಳಗಿತ್ತು. ಅದರ ಮುಂದಾಳು ಮಾರ್ಲಿಸ್. ಫ್ಯಾಕ್ಟರಿಯ ಹಳಬರು ಕೆಲವರು ಬಂದು ನಿಂತರು. ಅಪ್ಪನ ಗೆಳೆಯ ಕ್ಲೀಟ್ ಊರುಗೋಲಿನ ಮೇಲೆ ಭಾರ ಹಾಕಿ ತಲೆ ಎಣಿಸಿದ.

"ಒಬ್ಬರು ಕಮ್ಮಿ ಕಣೇ," ಎಂದ ಮುದುಕ. "ಒಬ್ಬರೇ ಒಬ್ಬರು."

ಒಬ್ಬರು ಕಡಿಮೆ... ಮಾರ್ಲಿಸ್‌ಗೆ ಅದು ಹೊಸ ಸಂಗತಿಯೇನಾಗಿರಲಿಲ್ಲ.

ಅವಳು ಬಿಸ್ಕತ್ತಿನ ತಟ್ಟೆ ಹಿಡಿದು ಆ ಗುಂಪಿಗೆ ಹೋದಳು, ಈ ಗುಂಪಿಗೆ ಹೋದಳು. ಎಲ್ಲರೂ ಬಿಸ್ಕತ್ತು ತೆಗೆದುಕೊಂಡರು. ಯಾರೂ ಬರಲಿಲ್ಲ. ಆಶ್ಬಿಯ ಮೂಲೆಗೆ ಮಾತ್ರ ಅವಳು ಹೋಗಲಿಲ್ಲ. ಅಲ್ಲಿ ವೆಂಡೆಲ್ ನಿಂತಿದ್ದ. ಅವನ ಕೂದಲು ಕಿವಿಯ ಮೇಲೆ ಇಳಿದಿತ್ತು. ಬೇರೆ ಯಾರ ಹತ್ತಿರವೂ ಕತ್ತರಿಸಿಕೊಂಡಿರಲಿಲ್ಲ!

ಖಾಲಿ ತಟ್ಟೆಯೊಂದಿಗೆ ಅವಳು ತನ್ನ ಮೂಲೆಗೆ ಮರಳಿದಳು.

ಆಗ ಅಂಗಳದಲ್ಲಿ ಗುಜುಗುಜು ಎದ್ದಿತು. ವೆಂಡೆಲ್ ನಡೆದು ಬರುತ್ತಿದ್ದ! ನಡುಗೆರೆ ದಾಟಿ, ನೂರಾರು ಕಣ್ಣುಗಳ ಮುಂದೆ, ಟೋಪಿಯನ್ನು ಎರಡೂ ಕೈಯಲ್ಲಿ ಹಿಂಡುತ್ತಾ...

"ನಾನು ಹೇಳಿದ್ದು ತಪ್ಪು," ಎಂದ ಅವಳ ಮುಂದೆ ನಿಂತು. "ಸುಂಕದ ವಿಷಯ ಅಲ್ಲ. ಅದರಲ್ಲಿ ಈಗಲೂ ನೀವೇ ತಪ್ಪು. ಡಬ್ಬಿ ವಿಷಯ. ಅದು ನೀವು ನನಗೆ ಅಂತ ಹೇಳಿದ್ದು. ಅದನ್ನ ಗೆಲ್ಲೋಕೆ ಬಳಸಬಾರದಿತ್ತು."

"ಇಷ್ಟು ದಿನ ಎಲ್ಲಿ ಹೋಗಿದ್ರಿ?"

"ಬಂದಿದ್ದೆ. ಮುಚ್ಚಿದೆ ಅಂತಿತ್ತು."

"ತಟ್ಟಬಾರದಿತ್ತಾ? ನಾನು ಒಳಗೇ ಇದ್ದೆ ಕಣ್ರೀ..."

ಅವನು ಇನ್ನೊಂದು ಹೆಜ್ಜೆ ಹತ್ತಿರ ಬಂದ.

ಟಣ್! ಟಣ್! ಟಣ್!

"ಟೈಮಾಯ್ತು! ಯಾರೂ ಅಲ್ಲಾಡಬೇಡಿ!" ಎಂದಳು ಓರ್ಲಾ.

ಹಲ್ಸೆಯ ಮೂಲೆಯಲ್ಲಿ ಕೇಕೆ ಎದ್ದಿತು. "ಸರಿ ಹೋಯ್ತು! ವೆಂಡೆಲ್ ನಮ್ಮವನಾದ!" ಕ್ಲೀಟ್ ಊರುಗೋಲು ಬಿಟ್ಟು ಅವನ ಭುಜ ತಬ್ಬಿದ. ಆಚೆ ಮೂಲೆಯಿಂದ ಯಾರೋ "ಹೆಂಗಸಿಗೆ ಮಾರ್ಕೊಂಡ ನೋಡು!" ಎಂದು ಕೂಗಿದರು.

ವೆಂಡೆಲ್ ತಲೆ ತಗ್ಗಿಸಿದ. "ನಿಲ್ತೀನಿ ಮಾರ್ಲಿಸ್," ಎಂದ ಅವಳಿಗೆ ಮಾತ್ರ ಕೇಳುವಂತೆ. "ನೀವು ನಿಲ್ಲು ಅಂದ್ರೆ ನಿಲ್ತೀನಿ."

ಎಷ್ಟು ಸುಲಭವಾಗಿತ್ತು! ಸುಮ್ಮನಿದ್ದರೆ ಸಾಕಿತ್ತು. ಅಪ್ಪನ ಮೂಲೆ ಉಳಿಯುತ್ತಿತ್ತು. ಇವನೂ ಪಕ್ಕದಲ್ಲಿ ಉಳಿಯುತ್ತಿದ್ದ.

ಅವಳು ಅವನ ಮುಖ ನೋಡಿದಳು. ನಂಬದ ಜಾಗದಲ್ಲಿ ನಿಂತವನ ಮುಖ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕೊನೆಯ ವರ್ಷಗಳಲ್ಲಿ ಅಡುಗೆಮನೆಯ ಮೇಜಿನಾಚೆ ಕರ್ಟ್‌ನ ಮುಖ ಹೀಗೇ ಇತ್ತು.

'ಬೇಡ. ಇನ್ನೊಬ್ಬನನ್ನು ಹಾಗೆ ನಿಲ್ಲಿಸಿಕೊಳ್ಳೋದು ಬೇಡ... ಒಬ್ಬಳೇ ಇದ್ದರೂ ಸರಿ.'

"ಅವನನ್ನು ಎಣಿಸಬೇಡ, ಓರ್ಲಾ!"

ಅಂಗಳದ ತಲೆಗಳೆಲ್ಲ ಅವಳತ್ತ ತಿರುಗಿದವು.

"ತಲೆ ಕೆಟ್ಟಿದೆಯೇನೇ ನಿಂಗೆ?" ಕ್ಲೀಟ್ ಅವಳ ತೋಳು ಹಿಡಿದ.

"ಗಂಟೆ ಹೊಡೆದಾಯ್ತಲ್ಲ ಮಾರ್ಲಿಸ್," ಎಂದಳು ಓರ್ಲಾ.

"ಗಂಟೆ ಹೊಡೆದಾಗ ಇವರು ನನ್ನ ಹತ್ತಿರ ಬಂದಿದ್ರು. ಹಲ್ಸೆ ಹತ್ತಿರ ಅಲ್ಲ." ಅವಳ ಕೆನ್ನೆ ಸುಡುತ್ತಿತ್ತು. "ಇವರ ವೋಟು ಆ ಮೂಲೇದು. ನನಗೆ ಬೇಡ ಅದು."

ಓರ್ಲಾ ಕನ್ನಡಕದ ಮೇಲಿಂದ ನೋಡಿದಳು. "ನೀನೇ ಹೇಳಪ್ಪಾ ವೆಂಡೆಲ್. ಯಾರ ಕಡೆ ನೀನು?"

"ಆಶ್ಬಿ ಕಡೆ," ಎಂದ ವೆಂಡೆಲ್. ಆಮೇಲೆ ಉಗುಳು ನುಂಗಿ, "ಆದ್ರೆ... ಬಂದಿದ್ದು ಇವರ ಹತ್ತಿರ."

ಯಾರೋ ಶಿಳ್ಳೆ ಹಾಕಿದರು. ಓರ್ಲಾ ಗಂಟೆಯಿಂದಲೇ ಆಚೆ ಮೂಲೆ ತೋರಿಸಿದಳು. ಅವನು ಮರಳಿದ, ಎರಡು ಸಲ ಹಿಂದೆ ತಿರುಗಿ ನೋಡುತ್ತಾ.

ಹಲ್ಸೆಯ ಗುಂಪು ಚದುರಿತು. ಒಬ್ಬೊಬ್ಬರಾಗಿ ಬೇರೆ ಮೂಲೆಗಳಿಗೆ ಹೋದರು. ಕ್ಲೀಟ್ ಮಾತಾಡದೆ ಹೋಗಿ, ಮತ್ತೆ ತಿರುಗಿ ಬಂದು ಅವಳ ಭುಜ ತಟ್ಟಿದ. "ನಿಮ್ಮಪ್ಪನೂ ಹಿಂಗೇ ಇದ್ದ. ಒಂದು ಬೋಲ್ಟಿನ ಸುಳ್ಳು ಲೆಕ್ಕಾನೂ ಬರೀತಿರಲಿಲ್ಲ, ಪುಣ್ಯಾತ್ಮ."

ಸೊಟ್ಟ ಬುಟ್ಟಿಯ ಕೆಳಗೆ ಅವಳೊಬ್ಬಳೇ ಉಳಿದಳು. ಯಾವ ಎಣಿಕೆಗೂ ಸೇರದೆ, ಕೋಟು ತೊಟ್ಟು ಹೊರಗೆ ನಡೆದಳು.

ಹಿಮ ಬೀಳುತ್ತಿತ್ತು. ಕಾರಿನ ಗಾಜಿನ ಮೇಲೆ ದಪ್ಪನೆಯ ಮಂಜು ಕಟ್ಟಿತ್ತು. ಅವಳು ಒಳಗೆ ಕೂತಳು. ಹೊರಗಿನದೇನೂ ಕಾಣದ ಬಿಳಿ ಡಬ್ಬಿಯಾಗಿತ್ತು ಅದು. ಕಣ್ಣೀರು ತಾನಾಗಿ ಇಳಿಯಿತು. 'ಮುಗೀತು. ಎಲೆಕ್ಷನ್ನೂ ಮುಗೀತು, ಅವನೂ...'

ಕರ್... ಕರ್...

ಯಾರೋ ಹೊರಗಿನಿಂದ ಗಾಜು ಕೆರೆಯುತ್ತಿದ್ದರು. ಬಿಳುಪಿನಲ್ಲಿ ಒಂದು ಕಿಂಡಿ ತೆರೆಯಿತು. ಕಿಂಡಿಯಾಚೆ ವೆಂಡೆಲ್‌ನ ಮುಖ!

ಅವನು ಬೆರಳು ಮಡಚಿ ಗಾಜನ್ನು ತಟ್ಟಿದ. ಒಂದು ಸಲ. ಮತ್ತೆ ತಟ್ಟಿದ. ಮತ್ತೆ ಮತ್ತೆ ತಟ್ಟಿದ.

ಮಾರ್ಲಿಸ್ ಗಾಜು ಇಳಿಸಿದಳು.

"ಮುಚ್ಚಿದೆ," ಎಂದಳು ಮೂಗೊರೆಸಿಕೊಳ್ಳುತ್ತಾ.

"ಗೊತ್ತು. ಅದಕ್ಕೇ ತಟ್ಟಿದೆ."

ಅವಳಿಗೆ ಅಳುವಿನ ನಡುವೆಯೇ ನಗು ಬಂತು. "ಒಳಗೆ ಯಾರು ಗೆದ್ರು?"

"ನೋಡಲಿಲ್ಲ. ನನ್ನ ತಲೆ ಎಣಿಸಿದ ಕೂಡಲೇ ಓಡಿ ಬಂದೆ." ಅವನ ಹುಬ್ಬಿನ ಮೇಲೆ ಹಿಮ ಕೂತಿತ್ತು. "ಮಾರ್ಲಿಸ್, ನನ್ನ ಹೆಂಡತಿ ಲೆನೋರ್ ಹೋದ ಮೇಲೆ ನಾನು ದಿನಕ್ಕೆ ನಾಲ್ಕು ಮಾತೂ ಆಡ್ತಿರಲಿಲ್ಲ. ನಿಮ್ಮ ಅಂಗಡಿಗೆ ಕ್ಷೌರಕ್ಕೆ ಬರ್ತಿರಲಿಲ್ಲ ನಾನು."

"ಗೊತ್ತು. ಜಗಳಕ್ಕೆ ಬರ್ತಿದ್ರಿ."

"ಜಗಳಕ್ಕೂ ಅಲ್ಲ."

ಹಿಮ ಮೆಲ್ಲಗೆ ಬೀಳುತ್ತಿತ್ತು. ಮಾರ್ಲಿಸ್ ಕೈ ಹೊರಚಾಚಿ ಅವನ ಕಿವಿಯ ಮೇಲೆ ಇಳಿದಿದ್ದ ಕೂದಲನ್ನು ಹಿಂದೆ ಸರಿಸಿದಳು. ಈ ಸಲ ಕತ್ತರಿ ಇರಲಿಲ್ಲ. ಅವನು ಆ ಕೈಯನ್ನು ಹಿಡಿದು ಕೆನ್ನೆಗೆ ಒತ್ತಿಕೊಂಡ.

ಎಷ್ಟು ವರ್ಷವಾಗಿತ್ತು, ಯಾರಾದರೂ ಆ ಕೈ ಹಿಡಿದು!

"ನವೆಂಬರ್‌ನ ದೊಡ್ಡ ಎಲೆಕ್ಷನ್‌ವರೆಗೂ ಜಗಳಕ್ಕೆ ವಿಷಯ ಇದೆ," ಎಂದಳು ಮೆಲ್ಲಗೆ. "ಆಮೇಲೆ? ಎಲೆಕ್ಷನ್ ಪೂರ್ತಿ ಮುಗಿದ ಮೇಲೆ ಏನು ಮಾತಾಡೋದು?"

"ಮಾತಾಡೋಕೆ ಏನೂ ಇಲ್ದಿದ್ರೆ... ಸುಮ್ಮನೆ ಕೂತಿರೋಣ. ಜೊತೇಲಿ."

ಅವಳು ಪಕ್ಕದ ಬಾಗಿಲಿನ ಬೀಗ ತೆಗೆದಳು.

"ಕೂರೋಕೆ ನಮ್ಮನೇಲಿ ಒಂದೇ ಕುರ್ಚಿ ಇರೋದು. ಇನ್ನೊಂದು ನೆಲಮಾಳಿಗೇಲಿದೆ. ನೀನೇ ಹೊತ್ಕೊಂಡು ಮೇಲೆ ತರಬೇಕು."

'ನೀನು' ಎಂದದ್ದು ಅವನಿಗೆ ಕೇಳಿಸಿತು. ಹಿಮದಲ್ಲೇ ನಿಂತು ನಕ್ಕ.

"ತರ್ತೀನಿ. ಅದಕ್ಕೂ ಸುಂಕ ಹಾಕ್ತೀಯಾ?"

"ಹಾಕದೆ ಬಿಡ್ತೀನಾ? ಬಾ, ಒಳಗೆ ಬಾ... ಚಳಿ."