ಎರಡನೆಯ ಕಾರ್ಡಿನ ಹೆಸರು

ಶಫೀಕನಿಗೆ ಕ್ರೆಡಿಟ್ ಸ್ಕೋರ್ ಇರಲಿಲ್ಲ. ಕಡಿಮೆ ಇತ್ತು ಎಂದಲ್ಲ, ಇರಲೇ ಇಲ್ಲ. ಇಪ್ಪತ್ತೇಳು ವರ್ಷದಲ್ಲಿ ಅವನು ಯಾವ ಬ್ಯಾಂಕಿನಿಂದಲೂ ಒಂದು ರೂಪಾಯಿ ಸಾಲ ತೆಗೆದವನಲ್ಲ. ಅಮೀರಾ ತನ್ನ ಟ್ಯಾಬಿನಲ್ಲಿ ಅವನ ಪ್ಯಾನ್ ನಂಬರ್ ಹಾಕಿದಾಗ, ಅಂಕಿ ಬರಬೇಕಾದ ಜಾಗದಲ್ಲಿ ಸಣ್ಣದೊಂದು ಗೆರೆ ಬಂತು.

"ಏನ್ ಬಂತ್ರಿ ಮೇಡಂ?"

"ಏನೂ ಬರಲಿಲ್ರಿ. ಬ್ಯಾಂಕಿನ ಲೆಕ್ಕದಾಗ ನೀವು ಇನ್ನೂ ಹುಟ್ಟೇ ಇಲ್ಲ."

"ನಮ್ಮವ್ವಗ ಹೇಳ್ತೀನ್ರಿ. ಸುಮ್ನ ತ್ರಾಸ ತಗೊಂಡಾಳ ಆಕಿ."

ಅಮೀರಾ ನಗಬಾರದೆಂದುಕೊಂಡು ತುಟಿ ಕಚ್ಚಿದಳು. ಅವನು ಅದನ್ನೂ ನೋಡಿದ.

ಗದುಗಿನ ಮುಳಗುಂದ ನಾಕಾದ ಹತ್ತಿರ ಒಂದು ಪೆಟ್ರೋಲ್ ಬಂಕು. ಅದರ ಮುಂದೆ ಛತ್ರಿಯ ಕೆಳಗೆ ಒಂದು ಮೇಜು, ಎರಡು ಕುರ್ಚಿ. ಹೊಂಬಳದಿಂದ ಎಂಟರ ಬಸ್ಸಿಗೆ ಬಂದು ಸಂಜೆಯವರೆಗೆ ಅಲ್ಲಿ ಕೂತು ಬ್ಯಾಂಕಿನ ಕ್ರೆಡಿಟ್ ಕಾರ್ಡ್ ಮಾಡಿಸುವುದು ಅಮೀರಾಳ ಕೆಲಸ. ತಿಂಗಳಿಗೆ ಇಪ್ಪತ್ತು ಕಾರ್ಡು ಆಗಬೇಕು. ಜನ "ಫೋನಿನ್ಯಾಗ ಸ್ಕ್ಯಾನ್ ಮಾಡ್ತೀವಿ ಬಿಡ್ರಿ" ಎಂದು ಹೋಗುತ್ತಿದ್ದರು. ಶಫೀಕ ಮಾತ್ರ ಗಾದಿ ತುಂಬಿದ ಗಾಡಿ ನಿಲ್ಲಿಸಿ ಕುರ್ಚಿ ಎಳೆದುಕೊಂಡಿದ್ದ.

"ಮೂರು ನಮೂನಿ ಕಾರ್ಡ್ ಅದಾವ್ರಿ," ಎಂದಳು. "ಇದ್ರಾಗ ವಿಮಾನ ನಿಲ್ದಾಣದಾಗ ಊಟ ಪುಕ್ಕಟೆ."

"ಅಲ್ಲಿಗೆ ಹೋಗಾಕ ಬಸ್ ಚಾರ್ಜ್ ಯಾರ್ ಕೊಡ್ತಾರ?"

"ಇದು ಆನ್‌ಲೈನ್ ಖರೀದಿಗೆ. ಇದು ಡೀಸೆಲ್‌ಗೆ."

"ನನಗ ಯಾವುದು ಹೊಂದ್ತೈತಿ?"

"ಒಂದ್ ತಿಂಗಳ ಖರ್ಚು ಬರಕೊಂಡ್ ಬರ್ರಿ. ರೊಕ್ಕ ಎಲ್ಲಿ ಹೋಗ್ತೈತೋ ಅಲ್ಲಿಗೆ ಹೊಂದೂ ಕಾರ್ಡ್ ತಗೋಬೇಕು."

ಮನುಷ್ಯನ ಖರ್ಚು ನೋಡಿದರೆ ಮನುಷ್ಯ ತಿಳಿಯುತ್ತಾನೆ ಎಂದು ಟ್ರೇನಿಂಗಿನಲ್ಲಿ ಹೇಳಿಕೊಟ್ಟಿದ್ದರು. ಅಮೀರಾ ಅದನ್ನು ನಂಬಿದ್ದಳು.

ತಿಂಗಳಾದ ಮೇಲೆ ಅವನು ನಿಜವಾಗಿಯೂ ಬರೆದುಕೊಂಡು ಬಂದ. ನೋಟ್‌ಬುಕ್ಕಿನ ಎರಡು ಹಾಳೆ. ಡೀಸೆಲ್, ಲಕ್ಷ್ಮೇಶ್ವರ. ಡೀಸೆಲ್, ಶಿರಹಟ್ಟಿ. ಅವ್ವನ ಗುಳಿಗೆ. ಚಹಾ. ಚಹಾ. ಗಿರ್ಮಿಟ್. ಚಹಾ.

"ಇಷ್ಟ್ ಚಹಾ ಕುಡೀತೀರೇನ್ರಿ?"

"ಅವೆಲ್ಲ ಈ ಬಂಕಿನ ಎದುರಿಗೆ ಕುಡದಿದ್ದು. ಇಲ್ಲಿ ನಿಂತು ಏನರ ಮಾಡ್ಬೇಕಲ್ಲ."

ಅಮೀರಾ ಹಾಳೆಯಿಂದ ಕಣ್ಣೆತ್ತಲಿಲ್ಲ. ಓದಿದ್ದನ್ನೇ ಮತ್ತೆ ಓದಿದಳು. ಅವಳ ಕಿವಿಯ ಹಿಂದೆ ಸಿಕ್ಕಿಸಿದ ಕೂದಲು ಜಾರಿ ಕೆನ್ನೆಗೆ ಬಂತು, ಅವಳು ಸರಿಸಲಿಲ್ಲ; ಸರಿಸಿದರೆ ಮುಖ ಕಾಣುತ್ತಿತ್ತು.

ಸ್ಕೋರ್ ಇಲ್ಲದವನಿಗೆ ಠೇವಣಿ ಇಡಿಸಿ ಅದರ ಮೇಲೆ ಕಾರ್ಡು ಕೊಡುತ್ತಿದ್ದರು. ಅವನು ಹತ್ತು ಸಾವಿರ ಇಟ್ಟ. ಅವಳು ಡೀಸೆಲ್ ಕಾರ್ಡು ಆರಿಸಿದಳು. ಆಮೇಲೆ ಅವನು ತಾನು ಕೆಲಸ ಮಾಡುವ ಬೆಟಗೇರಿಯ ಗಾದಿ ಅಂಗಡಿಯಿಂದ ಮೂರು ಬಂಕು ದಾಟಿ ಇಲ್ಲಿಗೇ ಬಂದು ಡೀಸೆಲ್ ಹಾಕಿಸತೊಡಗಿದ. 'ಮೇಡಂ' ಹೋಗಿ 'ಅಮೀರಾ' ಆಯಿತು, 'ನೀವು' ಹೋಗಿ 'ನೀ' ಆಯಿತು. ಗಾದಿ ಇಳಿಸಿ ಬಂದ ಅವನ ತೋಳಿಗೆ ಅರಳೆಯ ಎಳೆಗಳು ಅಂಟಿರುತ್ತಿದ್ದವು. ಅವಳು ಒಂದೊಂದಾಗಿ ತೆಗೆದು ಮೇಜಿನ ಅಂಚಿಗೆ ಒರೆಸುತ್ತಿದ್ದಳು. ಅಷ್ಟು ಹೊತ್ತು ಅವನು ಉಸಿರು ಹಿಡಿದು ಕೂತಿರುತ್ತಿದ್ದ.

ನಾಲ್ಕನೆಯ ತಿಂಗಳ ಕೊನೆಯ ದಿನ ಹತ್ತೊಂಬತ್ತು ಕಾರ್ಡು ಆಗಿದ್ದವು.

"ಒಂದ್ ಕಡಿಮಿ ಬಿತ್ತು," ಎಂದಳು.

"ಮನ್ಯಾಗಿನವ್ರ ಹೆಸರಿಲೆ ಇನ್ನೊಂದ್ ಕಾರ್ಡ್ ಕೊಡ್ತಾರ ಅಂದಿದ್ದಿ. ಅದು ಲೆಕ್ಕಕ್ಕ ಬರ್ತೈತೇನು?"

"ಬರ್ತೈತಿ. ಯಾರ ಹೆಸರು ಹಾಕ್ಲಿ? ನಿಮ್ಮವ್ವಂದಾ?"

"ಅಮೀರಾ ಅಂತ ಹಾಕು."

ಅವಳು ಟ್ಯಾಬನ್ನು ಎದೆಗೆ ಒತ್ತಿಕೊಂಡಳು. "ಸಂಬಂಧ ಏನು ಅಂತ ಕೇಳ್ತೈತಿ ಅದು."

"ಏನೇನ್ ಅದಾವ ಓದು."

"ತಂದಿ, ತಾಯಿ, ಅಣ್ಣ ತಮ್ಮ, ಅಕ್ಕ ತಂಗಿ, ಹೆಂಡತಿ, ಮಕ್ಕಳು."

"ನೀ ನಮ್ಮಪ್ಪ ಅಲ್ಲ. ತಂಗಿ ಅಂತೂ ಆಗೂದ ಬ್ಯಾಡ. ಒಂದೊಂದ ತಗದು ನೋಡು, ಏನ್ ಉಳೀತೈತಿ."

"ಬ್ಯಾಂಕಿಗೆ ಸುಳ್ಳು ಹೇಳಬಾರ್ದು."

"ಎರಡ್ ತಿಂಗಳದಾಗ ಖರೆ ಮಾಡೂಣು."

ಅವಳ ಬೆರಳು ಗಾಜಿನ ಮೇಲೆ ಸ್ವಲ್ಪ ಹೊತ್ತು ನಿಂತು 'ಹೆಂಡತಿ'ಯನ್ನು ಒತ್ತಿತು. ಅವನ ಫೋನಿಗೆ ಓಟಿಪಿ ಬಂತು. ಆರು ಅಂಕಿಗಳನ್ನು ಅವನು ಅವಳ ಮುಖ ನೋಡುತ್ತ, ನಿಧಾನಕ್ಕೆ ಹೇಳಿದ. ಅವಳ ಬಾಳಿನಲ್ಲಿ ಯಾರೂ ಅಷ್ಟು ಚಂದ ಲೆಕ್ಕ ಹೇಳಿರಲಿಲ್ಲ.

ಗಂಡನ ವಿಳಾಸ ಮಲ್ಲಸಮುದ್ರ, ಹೆಂಡತಿಯದು ಹೊಂಬಳ. ವಿಳಾಸ ಬೇರೆ ಬೇರೆ ಇದ್ದುದಕ್ಕೆ ಬ್ಯಾಂಕು ವಿಚಾರಣೆಗೆಂದು ಒಬ್ಬನನ್ನು ಹೊಂಬಳಕ್ಕೆ ಕಳಿಸಿತು. ಮನೆಗೆ ಹೋಗುವ ಮೊದಲು ನೆರೆಯವರನ್ನು ಕೇಳುವುದು ಅವರ ಪದ್ಧತಿ. ಅವನು ಓಣಿಯ ಬಾಯಿಗಿರುವ ಹನಮಪ್ಪನ ಕಿರಾಣಿ ಅಂಗಡಿಯಲ್ಲಿ ಗಾಡಿ ನಿಲ್ಲಿಸಿದ.

"ಮಲ್ಲಸಮುದ್ರದ ಶಫೀಕ ಅವರ ಹೆಂಡ್ತಿ ಅಮೀರಾ ಅನ್ನೋರು ಇಲ್ಲೇ ಇರ್ತಾರೇನ್ರಿ?"

ಹನಮಪ್ಪ ಸಕ್ಕರೆ ತೂಗುವುದನ್ನು ಬಿಟ್ಟ. "ಹೆಂಡ್ತಿನಾ? ಯಾವಾಗಿಂದ್ರಿ?"

ಅಂಗಡಿಯಲ್ಲಿ ಐದು ಮಂದಿ ಇದ್ದರು. ಅಷ್ಟು ಸಾಕಾಯಿತು.

ಮರುದಿನ ಅಮೀರಾಳ ಅಪ್ಪ ಲಾಡಸಾಬ ಮಗಳನ್ನು ಕರೆದುಕೊಂಡು ಬೆಟಗೇರಿಯ ಗಾದಿ ಅಂಗಡಿಗೆ ಹೋದ. ಹೋಗುವಾಗ ಬಸ್ಸಿನಲ್ಲಿ ಒಂದೇ ಮಾತು ಕೇಳಿದ್ದ: "ಆ ಹುಡುಗ ಹೂಂ ಅಂತಾನೇನವ್ವಾ?"

"ಅಂತಾನಪ್ಪಾ," ಎಂದಿದ್ದಳು. ಅವಳಿಗೆ ಹೆದರಿಕೆಯ ಕೆಳಗೆ ಸಣ್ಣ ಖುಷಿಯೂ ಇತ್ತು. ಎರಡು ತಿಂಗಳ ಕೆಲಸ ಎರಡು ದಿನದಲ್ಲಿ ಆಗುತ್ತದೆ ಎಂದುಕೊಂಡಿದ್ದಳು.

ಅಂಗಡಿಯ ಮಾಲಕ ಮುರ್ತುಜಾ, ಶಫೀಕನ ಸೋದರಮಾವ. ಲಾಡಸಾಬ ಹೇಳಿದ್ದನ್ನೆಲ್ಲ ಅವನು ಅಡ್ಡಮಾತಾಡದೆ ಕೇಳಿದ; ಶಫೀಕ ಪಕ್ಕದಲ್ಲಿ ಗಾದಿ ಪೇರಿಸುತ್ತಿದ್ದ.

"ನಮ್ಮ ಮಗಳು ರುಹೀನ ಇವಗ ಕೊಡಾಕ ಮಾತಾಗಿ ವರ್ಷ ಆತ್ರಿ," ಎಂದ. "ಗಾಡಿ ನಂದು, ಡೀಸೆಲ್ ನಂದು, ಇವರವ್ವನ ಗುಳಿಗಿ ನಂದು. ಠೇವಣಿ ರೊಕ್ಕಾನೂ ನಂದ. ಶಫೀಕ, ಇವ್ರು ಏನೋ ಹೇಳಾಕತ್ತಾರ. ಖರೆ ಏನು?"

ಅಮೀರಾ ಶಫೀಕನನ್ನು ನೋಡಿದಳು. ಎರಡು ಹಾಳೆ ತುಂಬ ಬರೆದುಕೊಂಡು ಬಂದಿದ್ದವನ ಸ್ವಂತದ ಖರ್ಚು ಎಂದರೆ ಚಹಾ, ಗಿರ್ಮಿಟ್ ಅಷ್ಟೇ ಎಂದು ಆಗ ತಿಳಿಯಿತು.

"ಈ ಮೇಡಂ ಅವ್ರು ಕಾರ್ಡ್ ಮಾಡಿಕೊಟ್ಟಾರ, ಮಾವ. ಅಷ್ಟ ಪರಿಚಯ," ಎಂದ ಶಫೀಕ. "ತಿಂಗಳಿಗೆ ಇಷ್ಟು ಮಾಡಬೇಕಂತ ಇರ್ತೈತಿ ಅವ್ರಿಗೆ. ಒಂದ್ ಕಡಿಮಿ ಬಿದ್ದಿತ್ತು, ತಮ್ಮ ಹೆಸರು ತಾವ ಹಾಕ್ಕೊಂಡಾರ."

"ಓಟಿಪಿ ಯಾರ್ ಹೇಳಿದ್ರು?" ಅಮೀರಾ ಕೇಳಿದಳು.

"ನನ್ನ ಕಾರ್ಡಿಂದು ಅಂತ ತಿಳದು ಹೇಳಿದ್ನಿ."

"ನನ್ನ ಮುಖಾ ನೋಡಿ ಹೇಳು."

ಅವನು ನೋಡಿದ. ಬಂಕಿನ ಮುಂದೆ ನೋಡುತ್ತಿದ್ದಷ್ಟೇ ನೆಟ್ಟಗೆ, ಅಷ್ಟೇ ಹೊತ್ತು. ಅವನ ತೋಳಿಗೆ ಅರಳೆ ಅಂಟಿತ್ತು.

"ನನಗ ಇದ್ರಾಗಿಂದು ಏನೂ ಗೊತ್ತಿಲ್ರಿ ಮೇಡಂ."

ಮುರ್ತುಜಾ ಲಾಡಸಾಬನಿಗೆ ಚಹಾ ತರಿಸಲೇ ಎಂದು ಕೇಳಿದ. ಲಾಡಸಾಬ ಬೇಡವೆಂದು ಕೈ ಮುಗಿದ. ತಪ್ಪು ತನ್ನದೇ ಎನ್ನುವಂತೆ ಮುಗಿದ. ಮಗಳಿಗೆ ಹೊಡೆದಿದ್ದರೆ ಅವಳಿಗೆ ಅಷ್ಟು ನೋಯುತ್ತಿರಲಿಲ್ಲ.

ಮಧ್ಯಾಹ್ನ ಸೂಪರ್‌ವೈಸರ್ ಫೋನ್ ಮಾಡಿದ. ಅರ್ಜಿಯಲ್ಲಿ ಸುಳ್ಳು ಸಂಬಂಧ ತೋರಿಸಿದ್ದಕ್ಕೆ ಅಂದಿನಿಂದಲೇ ಕೆಲಸ ಇಲ್ಲ, ಟ್ಯಾಬ್ ತಂದು ಕೊಡಬೇಕು ಎಂದ. ಅರ್ಜಿ ತಿರಸ್ಕಾರವಾದ ಮೆಸೇಜು ಅದರ ಹಿಂದೆಯೇ ಬಂತು. ಸಂಜೆ ಅವ್ವ ಮಾಸುಮಬಿ ಫೋನು ಇಸಿದುಕೊಂಡು ಟ್ರಂಕಿಗೆ ಹಾಕಿದಳು.

"ಇನ್ನ ಗದಗು ಸಾಕು," ಎಂದಳು. "ಕೊರ್ಲಹಳ್ಳಿಯವ್ರು ನೋಡಾಕ ಬರಾವ್ರಿದ್ರು. ಬರಾಂಗಿಲ್ಲಂತ."

"ನಾ ಸುಳ್ಳು ಹೇಳಿಲ್ಲವ್ವಾ."

"ಖರೆ ಹೇಳಿದ್ರ ಏನ್ ಬಂತು? ಹಿಟ್ಟು ನಾದು."

ಅಮೀರಾ ಹಿಟ್ಟು ನಾದಿದಳು.

ಶಫೀಕನದು ಏನೂ ಹೋಗಲಿಲ್ಲ. ಅಮೀರಾಳದು ಹೋದದ್ದು ಇಷ್ಟು: ತಿಂಗಳಿಗೆ ಹನ್ನೊಂದು ಸಾವಿರ ಬರುತ್ತಿದ್ದ ಒಂದು ನೌಕರಿ, ಒಂದು ಫೋನು, ನೋಡಲು ಬರಬೇಕಿದ್ದ ಒಂದು ಸಂಬಂಧ, ನಾಲ್ಕು ತಿಂಗಳು, ಒಬ್ಬ ಮನುಷ್ಯ.