ಕಟ್ಟಡದ ತಲೆಗೆ ಕಟ್ಟಿದ ಸಾಲ

"ಕೆಳಗೆ ಹೇಗೆ ಹೋಗ್ತೀಯಾ? ಮೆಟ್ಟಿಲ ಮೇಲಾ... ಗಾಳೀಲಾ?"

ಬೋ ಎಂಬ ಆ ದಾಂಡಿಗ ನನ್ನ ಕೋಟಿನ ಕಾಲರ್ ಹಿಡಿದು ಛಾವಣಿಯ ಅಂಚಿಗೆ ತಳ್ಳಿದ್ದ. ನಾಲ್ಕು ಮಹಡಿ ಕೆಳಗೆ ಅಮೆರಿಕದ ಟೊಲಿಡೊ ನಗರದ ರಸ್ತೆ. ಅದರ ಮೇಲೆ ಹಿಮ ಬಿದ್ದಿತ್ತು... ಆದರೆ ನನ್ನ ಮೂಳೆ ಉಳಿಸುವಷ್ಟಲ್ಲ!

"ಮೆಟ್ಟಿಲಲ್ಲೇ," ಎಂದೆ. "ನನಗೇನೂ ಅವಸರವಿಲ್ಲ."

"ಹಾಗಾದ್ರೆ ಆ ಪೆಟ್ಟಿಗೇಲಿ ನೋಡಿದ್ದನ್ನ ಮರೆತುಬಿಡು!"

ನೋಡಿದ್ದಾದರೂ ಏನು? ಇಡೀ ಕಟ್ಟಡ ಬೆಚ್ಚಗಿಡುವ ಹೊಚ್ಚ ಹೊಸ ಹೀಟರ್ ಎಂದು ಛಾವಣಿಯ ಮೇಲೆ ಕೂರಿಸಿದ್ದ ಪೆಟ್ಟಿಗೆಯ ಮುಚ್ಚಳವನ್ನು ಆಗಷ್ಟೇ ಬಿಚ್ಚಿದ್ದೆ. ಒಳಗೊಂದು ಫ್ಯಾನು. ಬರ್ರೆಂದು ಸದ್ದು ಮಾಡಲಿಕ್ಕೆ.

ಅಷ್ಟೇ!

ನಾನು ಲುಕಾಚ್. ಖಾಸಗಿ ಪತ್ತೇದಾರ. ಕಟ್ಟಡ ಜಿನೀವಾ ಟಾಲಿವರ್ ಎಂಬಾಕೆಯದು. ಕೆಳಗೆ ಆಕೆಯದೇ ಸೋಫಾ ರಿಪೇರಿ ಅಂಗಡಿ. ಮೇಲೆಲ್ಲ ಬಾಡಿಗೆದಾರರು. ಕಳೆದ ವಸಂತದಲ್ಲಿ ರಸ್ಕ್ ಎಂಬ ಗುತ್ತಿಗೆದಾರ ಬಂದು ಹಲ್ಲು ಕಿರಿದಿದ್ದ.

"ಮೇಡಂ, ಕೈಯಿಂದ ಒಂದು ಡಾಲರ್ ಹಾಕಬೇಡಿ! ಹೊಸ ಹೀಟರ್ ಹಾಕೋಣ. ಸಾಲ ಕೊಡೋರು ಕೊಡ್ತಾರೆ. ಇಪ್ಪತ್ತು ವರ್ಷ ಆಸ್ತಿ ತೆರಿಗೆ ಜೊತೆ ಸ್ವಲ್ಪ ಸ್ವಲ್ಪ ತೀರಿಸಿದ್ರಾಯ್ತು. ಗ್ಯಾಸ್ ಬಿಲ್ಲಲ್ಲಿ ಉಳಿಯೋ ದುಡ್ಡೇ ಅದಕ್ಕೆ ಸಾಕು!"

ಇಂಥ ಸಾಲದ ಯೋಜನೆ ಸುಳ್ಳಲ್ಲ. ಅದರಿಂದ ಚೇತರಿಸಿಕೊಂಡ ಕಟ್ಟಡಗಳು ಈ ಊರಲ್ಲೇ ಬೇಕಾದಷ್ಟಿವೆ. ರಸ್ಕ್ ಸುಳ್ಳ!

ಜಿನೀವಾ ದಡ್ಡಿಯೇನಲ್ಲ. ಕೆಲಸ ಮುಗಿಯಿತೆಂದು ರುಜು ಹಾಕುವ ಮುನ್ನ ತಾನೇ ಛಾವಣಿ ಹತ್ತಿದ್ದಳು. ಆಗ ಜುಲೈ. ಪೆಟ್ಟಿಗೆ ಫಳಫಳ ಹೊಳೆಯುತ್ತಿತ್ತು. ಸದ್ದೂ ಮಾಡುತ್ತಿತ್ತು. ರುಜು ಬಿತ್ತು, ಸಾಲದ ಹಣ ರಸ್ಕ್‌ನ ಜೇಬಿಗೆ ಬಿತ್ತು. ಹಳೆಯ ಹೀಟರನ್ನು ಅವನು ಆಗಲೇ ಗುಜರಿಗೆ ಹಾಕಿಯಾಗಿತ್ತು.

ಡಿಸೆಂಬರ್ ಬಂತು. ಬಾಡಿಗೆದಾರರು ನಡುಗತೊಡಗಿದರು. ರಸ್ಕ್ ಫೋನ್ ಎತ್ತಲಿಲ್ಲ. ಜಿನೀವಾ ನನ್ನನ್ನು ಕರೆದಳು. ನನ್ನ ಹಿಂದೆಯೇ ರಸ್ಕ್‌ನ ಆಳು ಬೋ ಬಂದ.

ಈಗ ಬೋ ಮತ್ತೊಮ್ಮೆ ತಳ್ಳಿದ.

ನಾನು ಎರಡೂ ತೋಳು ಮೇಲೆತ್ತಿ ಕುಸಿದೆ. ಕೋಟು ಅವನ ಕೈಯಲ್ಲುಳಿಯಿತು... ನಾನು ಓಡಿದೆ! ಗೋಡೆಗಂಟಿದ ಕಬ್ಬಿಣದ ಮೆಟ್ಟಿಲು. ಮೆಟ್ಟಿಲ ಮೇಲೆ ಮಂಜುಗಡ್ಡೆ. ಕಂಬಿ ಹಿಡಿದು ಜಾರುತ್ತಾ ಇಳಿದೆ. ಬೆನ್ನಟ್ಟಿದ ಬೋ ಕಂಬಿ ಹಿಡಿಯಲಿಲ್ಲ.

ಧಡ್! ಧಡ್! ಧಡ್!

ಕಾಲು ಮುರಿದುಕೊಂಡು ನನ್ನ ಪಕ್ಕದಲ್ಲೇ ಬಂದು ಬಿದ್ದ. ಆಂಬುಲೆನ್ಸ್‌ಗೆ ಫೋನ್ ಮಾಡಿ ಕೇಳಿದೆ:

"ರಸ್ಕ್ ಎಲ್ಲಿ?"

"ಸತ್ರೂ ಹೇಳಲ್ಲ!"

"ನಿನಗೆ ಸಂಬಳ ಸರಿಯಾಗಿ ಕೊಡ್ತಾನಾ?"

ಬೋನ ಮುಖ ಹುಳ್ಳಗಾಯಿತು.

"...ಕ್ರಿಸ್ಮಸ್‌ಗೂ ಕೊಡ್ಲಿಲ್ಲ."

"ಮತ್ತೆ?"

"ಮನೇಲಿದ್ದಾನೆ. ಟ್ರಕ್ಕಿಗೆ ದೋಣಿ ಕಟ್ಕೊಂಡು ಫ್ಲಾರಿಡಾಕ್ಕೆ ಹೊರಟಿದ್ದಾನೆ. ಬೇಗ ಹೋಗು!"

ನನ್ನ ಹಳೇ ಬ್ಯೂಯಿಕ್ ಕಾರು ಸೇತುವೆಯ ಮೇಲೆ ಗಿರಕಿ ಹೊಡೆಯಿತು. ಹೇಗೋ ನೆಟ್ಟಗಾಯಿತು. ಪೊಲೀಸರಿಗೆ ಫೋನ್ ಮಾಡುತ್ತಲೇ ತಿರುವು ದಾಟಿದರೆ, ರಸ್ಕ್‌ನ ಟ್ರಕ್ಕು ದೋಣಿ ಎಳೆದುಕೊಂಡು ಗೇಟಿನಿಂದ ಹೊರಬರುತ್ತಿತ್ತು. ಕಾರನ್ನು ಅಡ್ಡ ಹಾಕಿದೆ.

ಅವನು ಬ್ರೇಕ್ ಒತ್ತಲಿಲ್ಲ.

ಢಾಂ!

ಕಾರಿನ ಬಾಗಿಲು ಒಳಕ್ಕೆ ಬಂತು. ಅವನ ದೋಣಿ ಹಿಮದಲ್ಲಿ ಮಗುಚಿತು. ನಾನು ಇನ್ನೊಂದು ಬಾಗಿಲಿಂದ ಹಾರಿ ಅವನ ಟ್ರಕ್ಕಿನ ಕೀಲಿ ಕಿತ್ತುಕೊಂಡೆ.

"ಎಷ್ಟು ಬೇಕು ಹೇಳು, ಲುಕಾಚ್!"

"ಒಂದು ಹೀಟರ್."

ರಸ್ಕ್ ನಕ್ಕುಬಿಟ್ಟ.

"ಕಂಪನಿ ಮುಳುಗಿದೆ, ದುಡ್ಡು ಕರಗಿದೆ. ನನ್ನನ್ನ ಒಳಗೆ ಹಾಕ್ಸು, ಬೇಡ ಅಂದೋರು ಯಾರು? ಆ ಸಾಲ ನನ್ನ ಮೇಲಿಲ್ಲ. ಅವಳ ಮೇಲೂ ಇಲ್ಲ. ಕಟ್ಟಡದ ಮೇಲಿದೆ! ಮಾರಿದ್ರೆ ಕೊಂಡೋನ ತಲೆಗೆ ಬರುತ್ತೆ. ಯಾವನು ಕೊಳ್ತಾನೋ?"

ಮೂತಿಗೊಂದು ಬಿಟ್ಟೆ. ಅದಕ್ಕೆ ಜಿನೀವಾಳಿಂದ ಫೀಸು ತೆಗೆದುಕೊಳ್ಳಲಿಲ್ಲ.

ಪೊಲೀಸರು ಬಂದರು. ಮುಂದೆ ಶಿಕ್ಷೆಯೂ ಆಯಿತು. ಆದರೆ ಅವನು ಹೇಳಿದ್ದು ನಿಜ. ವಕೀಲರೂ ಅದನ್ನೇ ಹೇಳಿದರು... ಆಕೆಯ ರುಜು ನಂಬಿ ಹಣ ಕೊಟ್ಟವರಿಗೆ ಹಣ ಹೋಗಲೇಬೇಕು. ಕಟ್ಟದಿದ್ದರೆ ಕಟ್ಟಡ ಹರಾಜು!

ಸುದ್ದಿ ಮುಟ್ಟಿಸಲು ಹೋದಾಗ ಜಿನೀವಾ ಕೋಟು ತೊಟ್ಟುಕೊಂಡೇ ಸೋಫಾ ಹೊಲಿಯುತ್ತಿದ್ದಳು. ಮೇಲಿನ ದಂತವೈದ್ಯರು ತಮ್ಮ ಕುರ್ಚಿ ಇಳಿಸುತ್ತಿದ್ದರು. ಖಾಲಿ ಮಾಡುತ್ತಿದ್ದರು.

"ಅಂದ್ರೆ, ಇಲ್ಲದ ಹೀಟರಿಗೆ ನಾನು ಇಪ್ಪತ್ತು ವರ್ಷ ದುಡ್ಡು ಕಟ್ಟಬೇಕಾ?"

"ಹೂಂ."

"ಯಾವಾಗ್ಲೂ ವಟವಟ ಅಂತಿರ್ತೀರಲ್ಲ, ಲುಕಾಚ್. ಈಗ ಬಾಯಿಗೇನಾಯ್ತು?"

"ಚಳಿ," ಎಂದೆ.

ಆಕೆ ನಗಲಿಲ್ಲ. ಸೂಜಿಗೆ ಮತ್ತೆ ದಾರ ಪೋಣಿಸಹೋದಳು. ಬೆರಳು ಮರಗಟ್ಟಿದ್ದವು... ದಾರ ಒಳಗೆ ಹೋಗಲಿಲ್ಲ. ನಾನು ಪೋಣಿಸಿಕೊಟ್ಟೆ. ಆ ಇಡೀ ಕೇಸಿನಲ್ಲಿ ಆಕೆಗೆ ನನ್ನಿಂದಾದ ಉಪಕಾರ ಅದೊಂದೇ!

ಹಣವೇನಾದರೂ ಉಳಿದಿದೆಯೇ ಎಂದು ರಸ್ಕ್‌ನನ್ನು ಕೇಳಲು, ಜಿಲ್ಲೆಯವರ ಆಸ್ತಿ ತೆರಿಗೆಯಿಂದಲೇ ನಡೆಯುವ ಕೌಂಟಿ ಜೈಲಿಗೆ ಹೋದೆ. ಉಳಿದಿರಲಿಲ್ಲ. ಹೊರಗೆ ಹಿಮ ಸುರಿಯುತ್ತಿತ್ತು. ರಸ್ಕ್ ಅರ್ಧ ತೋಳಿನ ಅಂಗಿಯಲ್ಲಿ ಕೂತು ಕತ್ತಿನ ಬೆವರು ಒರೆಸಿಕೊಂಡ.

"ಇಲ್ಲಿ ಭಾರೀ ಸೆಖೆ, ಗುರೂ! ಒಂದು ಕಿಟಕಿ ತೆಗ್ಸೋಕೆ ಹೇಳ್ತೀಯಾ?"

ಹೇಳಲಿಲ್ಲ.

ಅಂತೂ ಜಿನೀವಾ ಕಟ್ಟುವ ತೆರಿಗೆಯಿಂದ ಒಬ್ಬನ ಮೈಯಾದರೂ ಬೆಚ್ಚಗಾಗಿತ್ತು!