ದೇರೆಬೈಲಿಗೆ ಹೋದ ತೆನೆ

ಒಂದಾನೊಂದು ಕಾಲದಲ್ಲಿ ಒಂದು ಹಟಮಾರಿ ನಾಯಿ ಇತ್ತು ಎಂದು ಅಜ್ಜಿಯ ಹಾಗೆ ಶುರುಮಾಡಬಹುದಿತ್ತು. ಆದರೆ ಆ ನಾಯಿ ನಮ್ಮ ಟೈಗರ್, ಆ ಕಾಲ ೧೯೫೭ರ ಮೊಂತಿ ಫೆಸ್ತ್, ನಮ್ಮ ತೆನೆಹಬ್ಬ. ಇಗರ್ಜಿಯಲ್ಲಿ ಆಶೀರ್ವದಿಸಿದ ತೆನೆಯನ್ನು ಜೆಪ್ಪುವಿನಿಂದ ಗುಡ್ಡ ದಾಟಿ ದೇರೆಬೈಲಿನಲ್ಲಿದ್ದ ಅಮ್ಮನ ತಂಗಿ ಒಲಿಂಡಾ ಮಾವ್ಶಿಗೆ ಮುಟ್ಟಿಸುತ್ತೇನೆಂದು ಮಾತು ಕೊಟ್ಟಿದ್ದೆ. ತೆನೆ ಬಾರದೆ ಆ ಮನೆಯವರು ಊಟಕ್ಕೆ ಕೂರುವಂತಿಲ್ಲ.

ಜೊತೆಗೆ ಕಟ್ಟಿಕೊಂಡು ಹೊರಟಿದ್ದ ಟೈಗರ್ ಗುಡ್ಡದ ಮೇಲೆ ನನ್ನ ಕೈಯಿಂದ ಹಗ್ಗ ಕಿತ್ತುಕೊಂಡು ಅಲ್ಲಿನ ಕೆರೆಗೆ ಹಾರಿತು. ಕರೆದು ಕರೆದು ನನ್ನ ಗಂಟಲು ಒಣಗಿದ ಮೇಲೆ ದಡಕ್ಕೆ ಬಂತು. ಹಗ್ಗ ಹಿಡಿದರೆ ಬಾವಿಯ ತಳದ ನೀರಿನಷ್ಟು ತಣ್ಣಗೆ. ಆಮೇಲೆ ಹೆಜ್ಜೆಗೊಮ್ಮೆ ನಿಂತು ಕೆರೆಯತ್ತಲೇ ಎಳೆಯಿತು. ಉರಿಬಿಸಿಲಲ್ಲೂ ಅದರ ಮೈ ಒಣಗಲಿಲ್ಲ. ದಾರಿಯ ಒಂದು ನಾಯಿಯೂ ಅದನ್ನು ನೋಡಿ ಬೊಗಳಲಿಲ್ಲ.

"ನಡಿ ಮಾರಾಯ, ಅಲ್ಲಿ ಎಲ್ಲ ಹಸಿದು ಕೂತಿದ್ದಾರೆ!" ಎಂದು ಬೈದು ಬೈದು ಸಾಕಾಯಿತು.

ತಲುಪುವಾಗ ಎರಡು ಗಂಟೆ. ಟೈಗರ್ ಮೆಟ್ಟಿಲ ಕೆಳಗೇ ನಿಂತುಬಿಟ್ಟಿತು.

"ಎಂತ ರೊಸಾಲಿನ್," ಒಳಗಿನಿಂದಲೇ ಮಾವ್ಶಿ ರೇಗಿದಳು, "ನಾಯಿ ಬಂದು ಒಂದು ಗಂಟೆ ಆಯ್ತು, ನೀನು ಈಗ ಬರುವುದಾ?"

ಊಟದ ಮೇಜಿನಡಿ ಟೈಗರ್ ಮಲಗಿತ್ತು. ಕೊರಳಲ್ಲಿ ಹಗ್ಗವಿರಲಿಲ್ಲ.

ನಾನು ತಿರುಗಿ ನೋಡಲಿಲ್ಲ. ಬಲಗೈಯಿಂದ ತೆನೆ ಕೊಟ್ಟೆ. ಎಡಗೈಯ ಹಗ್ಗ ಇನ್ನೂ ಮೆಟ್ಟಿಲ ಕೆಳಕ್ಕೆ ಜಗ್ಗುತ್ತಿತ್ತು.